ಮದುವೆ ದಿನದ ಸೊಂಟ

ಬೆಳಗಾಗುತ್ತಲೇ ದರ್ಜಿಯ ಬಲ ತೊಡೆಯಲ್ಲಿ ಇರುವೆಗಳು ದೀವಟಿಗೆ ಹಿಡಿದು ಮೆರವಣಿಗೆ ಹೊರಟವು. ಹೊಲಿಗೆ ಯಂತ್ರದ ಮುಂದೆ ಕೂತರೆ ಉರಿ, ಎದ್ದರೆ ಜೋಮು. ಸಂಜೆಯೊಳಗೆ ಮದುಮಗನ ಕೋಟಿಗೆ ತೋಳು ಕೂರಿಸಬೇಕು, ಮದುವೆ ನಾಳೆಯೇ! ತೋಳಿಲ್ಲದ ಕೋಟಿನಲ್ಲಿ ಮದುಮಗ ನಿಂತರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು.

"ಹೊಟ್ಟೆ ಒಳಗೆಳ್ಕೊಂಡು ಯಾಕ್ರೀ ನಿಂತಿದ್ದೀರಿ?" ಎಂದಳು ಹೆಂಡತಿ.

"ಹೊಟ್ಟೆನಾ? ಎಲ್ಲಿದೆ? ಮದುವೆ ದಿನ ಇದ್ದ ಸೊಂಟಾನೇ ಕಣೇ ಇದು!"

ಗಿರಾಕಿಗಳಿಗೂ ಅವನದು ಇದೇ ಮಂತ್ರ. ಹೊಸಬರನ್ನು ಮಾತ್ರ ಅಳೆಯುತ್ತಿದ್ದ. ಹಳಬರು ಬಂದರೆ ಟೇಪು ಕೊರಳ ಹಾರದಂತೆ ಸುಮ್ಮನೆ ತೂಗುತ್ತಿತ್ತು. "ನಿಮಗ್ಯಾಕೆ ಅಳತೆ? ಹಳೇದೇ ಸಾಕು, ಒಂದು ಬೆರಳೂ ದಪ್ಪ ಆಗಿಲ್ಲ" ಎಂದುಬಿಟ್ಟರೆ ಅವರು ಬೆಲ್ಲ ತಿಂದ ಮಗುವಿನಂತೆ ಹೋಗುತ್ತಿದ್ದರು.

ಎದುರಂಗಡಿಯ ಕ್ಷೌರಿಕ ಓಡಿಬಂದ. "ತೊಡೆನೋವಾ? ಬಿಸಿನೀರಿನ ಶಾಖ ಕೊಡಣ್ಣ. ನಾನೂ ದಿನಾ ಕೊಟ್ಕೊಳ್ತೀನಿ." ಕೊಟ್ಟ ಶಾಖಕ್ಕೆ ತೊಡೆ ಕೆಂಡವಾಯಿತು.

"ಶಾಖ ಕೊಡೋರುಂಟೇನ್ರೀ? ಮಂಜುಗಡ್ಡೆ ಇಡಬೇಕು! ನಾನು ಇಡ್ತಾ ಇಲ್ವಾ?" ಎನ್ನುತ್ತ ಬೇಕರಿಯವನು ಕುಂಟಿಕೊಂಡೇ ಬಂದು ಇಟ್ಟ. ಕೆಂಡವಾಗಿದ್ದ ತೊಡೆ ಈಗ ಕಲ್ಲಾಯಿತು.

ಅಷ್ಟರಲ್ಲಿ ನಿವೃತ್ತ ಮೇಷ್ಟ್ರು ಇಬ್ಬರನ್ನೂ ಪಕ್ಕಕ್ಕೆ ತಳ್ಳಿದರು. "ನರ ಹಿಡ್ಕೊಂಡಿದೆ ಕಣಯ್ಯ. ಬಸ್ಕಿ ಹೊಡಿ. ನಾನೂ ಹೊಡೀತೀನಿ, ಬೇಕಾದ್ರೆ."

ಹೊಡೆದರು. ಮೇಷ್ಟ್ರಿಗೆ ಏಳಲಾಗಲಿಲ್ಲ. ದರ್ಜಿಯ ಪ್ಯಾಂಟು ಹಿಂದಿನಿಂದ ಸೊಂಟದವರೆಗೂ ಪರ್ರೆಂದಿತು. ಆ ಕ್ಷಣವೇ ಇರುವೆಗಳು ಒಂದೊಂದಾಗಿ ದೀವಟಿಗೆ ಆರಿಸತೊಡಗಿದವು.

"ನೋಡಿದ್ಯಾ ನನ್ನ ವಿದ್ಯೆ!" ಎಂದರು ಮೇಷ್ಟ್ರು, ಕೂತಲ್ಲಿಂದಲೇ.

ಆದರೂ ಅನುಮಾನ ಬೇಡವೆಂದು ದರ್ಜಿ ಹರಿದ ಪ್ಯಾಂಟಿನ ಮೇಲೆ ಹಾಸಿಗೆಯ ಹೊದಿಕೆ ಸುತ್ತಿಕೊಂಡು ಬೀದಿ ಕೊನೆಯ ಡಾಕ್ಟರಲ್ಲಿಗೆ ನಡೆದ. ಮೂವರೂ ಕುಂಟುತ್ತ ಹಿಂಬಾಲಿಸಿದರು. ಡಾಕ್ಟರು ಸೊಂಟದ ಮೇಲಿನ ಕೆಂಪು ಬರೆ ನೋಡಿ ನಕ್ಕರು.

"ತೊಡೇಲಿ ಏನೂ ಇಲ್ಲ. ಪ್ಯಾಂಟಿನ ಪಟ್ಟಿ ಬಿಗಿಯಾಗಿ ಇಲ್ಲಿ ನರ ಒತ್ತುತ್ತೆ, ಉರಿ ಅಲ್ಲಿ ಕಾಣಿಸ್ಕೊಳ್ಳುತ್ತೆ. ಸಡಿಲ ಮಾಡಿ, ಹೋಗುತ್ತೆ. ಯಾರ್ರೀ ಹೊಲಿದದ್ದು ಇದನ್ನ?"

ದರ್ಜಿ ನೆಲ ನೋಡಿದ. ಕ್ಷೌರಿಕ, ಬೇಕರಿಯವನು, ಮೇಷ್ಟ್ರು ತಂತಮ್ಮ ಸೊಂಟ ನೋಡಿಕೊಂಡರು. ನಗುತ್ತಿದ್ದ ಡಾಕ್ಟರ ಕೈ ಕೂಡ ಮೆಲ್ಲಗೆ ತಮ್ಮ ತೊಡೆಯ ಕಡೆ ಜಾರಿತು. ಅವರ ನಗು ಅಲ್ಲೇ ನಿಂತಿತು.

ದರ್ಜಿ ಅಲ್ಲಿ ನಿಲ್ಲಲಿಲ್ಲ. ಅಂಗಡಿಗೆ ಬಂದು, ಹೊದಿಕೆಯಲ್ಲೇ ಕೂತು ಹಾಡು ಗುನುಗುತ್ತ ತುಳಿದ. ತೋಳು ಹೂವಿನಂತೆ ಕೂತವು. ಮದುಮಗ ಹೊಸ ಗಿರಾಕಿ, ಪುಣ್ಯಕ್ಕೆ ಅಳೆಸಿಕೊಂಡಿದ್ದ. ಕೋಟು ತೊಟ್ಟು, ಕನ್ನಡಿಗೆ ಹಲ್ಲುಕಿರಿದು ಹೋದ. ಹೆಸರು ಉಳಿಯಿತು, ತೊಡೆಯೂ ಉಳಿಯಿತು! ದರ್ಜಿ ಮೈಮುರಿದು ಬಾಗಿಲ ಕಡೆ ತಿರುಗಿದ.

ಬಾಗಿಲಲ್ಲಿ ಬೀದಿಗೆ ಬೀದಿಯೇ ಸಾಲುಗಟ್ಟಿತ್ತು. ಒಬ್ಬೊಬ್ಬರೂ ಟವೆಲ್ಲೋ ಹೊದಿಕೆಯೋ ಸುತ್ತಿಕೊಂಡು ಹೆಗಲ ಮೇಲೆ ಪ್ಯಾಂಟುಗಳ ಹೊರೆ ಹೊತ್ತಿದ್ದರು. ಎಲ್ಲರಿಗಿಂತ ಮುಂದೆ, ಕಿಟಕಿ ಪರದೆ ಸುತ್ತಿಕೊಂಡ ಡಾಕ್ಟರು.

"ಒಂದು ಬೆರಳೂ ದಪ್ಪ ಆಗಿಲ್ಲ ಅಂದ್ಯಲ್ಲಪ್ಪ," ಎಂದರು ಅವರು. "ನಾಳೆ ಎಲ್ಲರೂ ಮದುವೆಗೆ ಹೋಗಬೇಕು. ಬಿಚ್ಚು, ಹೊಲಿ."

ಪ್ಯಾಂಟುಗಳ ಗುಡ್ಡದ ಹಿಂದೆ ದರ್ಜಿಯ ತಲೆ ಮುಳುಗಿತು. ಬಿಚ್ಚಿದ, ಹೊಲಿದ, ತುಳಿದ. ಗುಡ್ಡ ಅರ್ಧ ಕರಗುವಷ್ಟರಲ್ಲಿ ಎರಡೂ ತೊಡೆಗಳು ಮರಗಟ್ಟಿದವು.

"ಇನ್ನಾಗಲ್ಲ ಕಣೇ, ಕಾಲು ಬಿದ್ದೋಗ್ತಿದೆ!"

ಹೆಂಡತಿ ಇನ್ನೊಂದು ಪ್ಯಾಂಟು ಮುಂದೆ ತಳ್ಳಿದಳು. "ಕಾಲೂ ಮದುವೆ ದಿನದ್ದೇ ಅಲ್ವೇನ್ರೀ? ತುಳೀರಿ."