ಬದನೆಗೆ ಹಾಕಿದ ಗೊಬ್ಬರ

ನಿವೃತ್ತನಾದ ಗಂಡಸಿನ ಕೈಗೆ ಹಿತ್ತಲು ಸಿಗಬಾರದು. ಕಚೇರಿಯಲ್ಲಿ ಯಾರೂ ಕೇಳದ ಅವನ ಅಪ್ಪಣೆಗಳನ್ನೆಲ್ಲ ಪಾಪ, ಆ ಮಣ್ಣು ಕೇಳಬೇಕಾಗುತ್ತದೆ. ಅಫಜಲಪುರದ ನಮ್ಮ ಮನೆಯ ಹಿಂದೆ ಮದುವೆಯ ಒಂದು ಪಂಕ್ತಿ ಕೂರುವಷ್ಟು ಜಾಗವಿದೆ. ಯುಗಾದಿಯ ಹೊತ್ತಿಗೆ ಅಲ್ಲಿ ಬದನೆ ಹಚ್ಚಿ ನೆರೆಯವರ ಹೊಟ್ಟೆ ಉರಿಸಬೇಕೆಂದು ನನಗೆ ಹುಕಿ ಬಂತು. ಬದನೆಕಾಯಿ ಎಣ್ಣೆಗಾಯಿ ಎಂದರೆ ನನಗೆ ಪ್ರಾಣ. ಅಂಗಡಿ ಗೊಬ್ಬರ ಬೇಡವೇ ಬೇಡ ಎಂದುಕೊಂಡೆ. ನಮ್ಮ ಕಡೆ ರಾಶಿ ಮುಗಿದ ಹೊಲದಲ್ಲಿ ಕುರಿ ತರುಬುತ್ತಾರೆ, ಅಂದರೆ ಹಿಂಡನ್ನು ಅಲ್ಲೇ ಕೂಡಿಹಾಕಿ ಹಿಕ್ಕೆ ಬೀಳಿಸಿಕೊಳ್ಳುತ್ತಾರೆ. ಹೊಲಕ್ಕೆ ಆಗುವುದು ಹಿತ್ತಲಿಗೆ ಯಾಕಾಗಬಾರದು? ಇಂಥ ಪ್ರಶ್ನೆಗೆ ಉತ್ತರ ಹೇಳುವ ನನ್ನ ಹೆಂಡತಿ ಶಾಂತಾ, ತವರಿನ ತೊಟ್ಟಿಲು ಕಾರ್ಯಕ್ಕೆಂದು ಹಿರೋಳ್ಳಿಗೆ ಹೋಗಿದ್ದಳು.

ದಾರಿಯಲ್ಲಿ ಹಿಂಡು ಹೊಡೆದುಕೊಂಡು ಹೊರಟಿದ್ದ ಕುರುಬರ ಮಾಳಪ್ಪನನ್ನು ಹಿಡಿದೆ.

“ಹೊಲ ಎಲ್ಲದರಿ ಸರ?”

“ಇದೇ ನೋಡಪ್ಪ.”

“ಇದು ಹಿತ್ತಲದರಿ! ಹಿಂಡಿನ್ಯಾಗ ಆಡೂ ಅದಾವ, ಹಸಿರು ಕಂಡ್ರ ಬಿಡಂಗಿಲ್ಲ.”

“ಅದೆಲ್ಲಾ ನಾ ನೋಡ್ಕೊಂತೇನಿ, ಹೊಡಿ ಒಳಗ.”

ನೋಡಿಕೊಂಡೆ ಕೂಡ. ಮೂಲೆಯಲ್ಲಿ ಆಗಲೇ ಬೀಜ ಹಾಕಿ ಎಬ್ಬಿಸಿದ್ದ ನನ್ನ ಬದನೆ ಸಸಿಗಳಿಗೆ ಗೂಟ ನೆಟ್ಟು, ಶಾಂತಾಳ ಎರಡು ಹಳೆಯ ಸೀರೆ ಸುತ್ತಿ, ಕೋಟೆ ಕಟ್ಟಿದೆ. ಆಮೇಲೆ ರೊಟ್ಟಿ ತಿಂದು, ಕಾವಲಿಗೆಂದು ಕುರ್ಚಿ ಹಾಕಿಕೊಂಡು ಗೊರಕೆ ಹೊಡೆದೆ.

ಎದ್ದಾಗ ನೆಲವೆಲ್ಲ ಹಿಕ್ಕೆ, ನನ್ನ ಸಸಿಗಳು ಕ್ಷೇಮ. ಗೋಡೆಗೆ ಮುಂಗಾಲು ಕೊಟ್ಟು ನಿಂತ ಆಡುಗಳು ಮಲ್ಲಿಗೆ ಬಳ್ಳಿಯನ್ನು ಮುಗಿಸಿ ಬುಡದ ತೊಗಟೆ ಸುಲಿಯುತ್ತಿದ್ದವು. ಅದು ತನ್ನ ಅವ್ವ ತೀರಿಕೊಂಡ ವರ್ಷ ಶಾಂತಾ ತವರಿನಿಂದ ತಂದು ಹಚ್ಚಿದ ಬಳ್ಳಿ. ಅಲ್ಲಿಯ ಮೂಲ ಬಳ್ಳಿ ಹೊಸ ಮನೆ ಕಟ್ಟುವಾಗಲೇ ಹೋಗಿತ್ತು.

ಸಂಜೆ ಬಸ್ಸಿಗೆ ಬಂದವಳು ಚೀಲ ಇಳಿಸದೆ ಹಿತ್ತಲಲ್ಲೇ ನಿಂತಳು. ಬೈದಿದ್ದರೆ ಬದುಕುತ್ತಿದ್ದೆ. ಸೀರೆ ಸುತ್ತಿದ ಸಸಿಗಳನ್ನು ನೋಡಿ ಇಷ್ಟೇ ಕೇಳಿದಳು: “ನನ್ನ ಸೀರಿ ಕಟ್ಟಿ ನಿಮ್ಮ ಗಿಡ ಉಳಿಸ್ಕೊಂಡೀರಿ. ನಮ್ಮವ್ವನ ಬಳ್ಳಿಗೆ ಒಂದು ಚಿಂದಿ ಸಿಗಲಿಲ್ಲೇನ್ರಿ?”

ಒಣಗಿದ ಬುಡಕ್ಕೆ ದಿನಾ ನೀರು ಹಾಕಿದೆ, ಹಿಕ್ಕೆ ಪುಡಿ ಮಾಡಿ ಹಾಕಿದೆ. “ಸಾಕ್ ಬಿಡ್ರಿ, ಸತ್ತವ್ರಿಗಿ ಉಣ್ಣಾಕ ಹಾಕಿದಂಗ,” ಎಂದಳು.

ನನ್ನ ಹಾಳು ಬದನೆ ಮಾತ್ರ ನಾಚಿಕೆಯಿಲ್ಲದೆ ಬೆಳೆಯಿತು. ಮೊನ್ನೆ ಪಕ್ಕದ ಮನೆಯ ಗಂಗಮ್ಮ ಗೋಡೆಯ ಮೇಲಿಂದ ಬಗ್ಗಿ ಶಾಂತಾಳನ್ನು, “ಯಕ್ಕಾ, ಏನ್ ಗೊಬ್ಬರ ಹಾಕೀರಿ, ಇಷ್ಟು ಚಂದ ಕಾಯಿ ಬಿಟ್ಟಾವ?” ಎಂದು ಕೇಳಿದಳು. ನಾನು ಬಯಸಿದ್ದ ಹೊಟ್ಟೆಯುರಿ ಅವಳ ಮುಖದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಉತ್ತರಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಶಾಂತಾ ತಣ್ಣಗೆ ಹೇಳಿದಳು: “ನಮ್ಮವ್ವನ ಬಳ್ಳಿ ಹಾಕೇವವ್ವ.”

ಗಂಗಮ್ಮನಿಗೆ ಅರ್ಥವಾಗಲಿಲ್ಲ. ಶಾಂತಾ ಇದ್ದ ಕಾಯಿಯನ್ನೆಲ್ಲ ಹರಿದು ಅವಳ ಸೆರಗಿಗೆ ಸುರಿದಳು. ಅಂದು ಮಧ್ಯಾಹ್ನ ಗೋಡೆಯಾಚೆಯಿಂದ ಎಣ್ಣೆಗಾಯಿಯ ಘಮ ಬರುತ್ತಿತ್ತು. ನಾನು ಈಚೆ ಕೂತು ತಿಳಿ ಸಾರಿನಲ್ಲಿ ಉಂಡೆ.