ಗುರಸಿದ್ಧವ್ವನ ಹೋಳಿಗೆಯೂ ಅಂದಾನಪ್ಪನವರ ಹೊಟ್ಟೆಯೂ

ಸಕಲ ಜೀವಿಗಳ ಉದರಕುಹರದಲ್ಲಿ ನೆಲೆಸಿ, ಹೊತ್ತುಹೊತ್ತಿಗೆ ಗುಡುಗಿ, ಅರಸನನ್ನೂ ಆಳನ್ನೂ ಒಂದೇ ಪಂಕ್ತಿಗೆ ಎಳೆತಂದು ಕೂರಿಸುವ ಜಠರಾಗ್ನಿಯೇ, ನಿನಗೆ ಮೊದಲು ನಮಸ್ಕಾರ. ಮದುವೆಯೂಟವನ್ನು ಮಂದಿ ನಿಂತುಕೊಂಡು ಉಣ್ಣತೊಡಗಿದ, ವೈದ್ಯರು ಹೊಟ್ಟೆಯನ್ನೇ ಕತ್ತರಿಸಿ ಕಿರಿದು ಮಾಡಬಲ್ಲವರಾದ ಈ ವಿಚಿತ್ರ ಯುಗದಲ್ಲಿ, ಗದಗಿನಲ್ಲಿ ಪಾತ್ರೆ ಅಂಗಡಿ ನಡೆಸುತ್ತಿದ್ದ ಅಂದಾನಪ್ಪನವರೆಂಬ ವೀರರಿದ್ದರು. ಪಂಕ್ತಿಭಯಂಕರರು, ಕಡುಬುಕುಲಾಂತಕರು, ಪಾಯಸಸಾಗರಶೋಷಕರು, ಘೃತಧಾರಾಭಿಷಿಕ್ತ ವಿಶಾಲೋದರರು. ಅವರು ಛತ್ರದ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ಕಂಡರೆ ಸಾಕು, ಅಡುಗೆಯವರು ಮಾತಿಲ್ಲದೆ ಇನ್ನೊಂದು ಬಾಣಲೆ ಏರಿಸುತ್ತಿದ್ದರು.

ಇಂಥವರ ಮೇಲೆ ಸ್ವಂತ ಮೊಣಕಾಲುಗಳೇ ದಂಗೆಯೆದ್ದವು. ಸಕ್ಕರೆ ಕಾಯಿಲೆ ಬಂದು ಮೊಣಕಾಲುಗಳ ಪಕ್ಷ ಸೇರಿತು. ಕೊನೆಗೆ ಶಸ್ತ್ರವೈದ್ಯರೊಬ್ಬರು ಕುಂಬಳಕಾಯಿಯಷ್ಟಿದ್ದ ಅವರ ಹೊಟ್ಟೆಯನ್ನು ಬಾಳೆಹಣ್ಣಿನ ಗಾತ್ರಕ್ಕೆ ಇಳಿಸಿ ಹೊಲಿದರು. ಸಿಹಿ ಕೂಡದು, ಅವಸರ ಕೂಡದು, ಊಟದ ನಡುವೆ ನೀರು ಕೂಡದು, ಸಾಕೆನಿಸಿದ ಮೇಲೆ ಒಂದು ತುತ್ತೂ ಕೂಡದು ಎಂಬ ಕಟ್ಟಳೆ ವಿಧಿಸಿದರು. ಅಂದಾನಪ್ಪನವರ ದೇಹ ಇಳಿಯಿತು, ಅಂಗಿಗಳು ಜೋತುಬಿದ್ದವು. ಆದರೆ ಹೊಟ್ಟೆ ಕಿರಿದಾದರೂ ಆಸೆಗೆ ಯಾರೂ ಕತ್ತರಿ ಹಾಕಿರಲಿಲ್ಲ.

ಇಷ್ಟು ಸೊರಗಿದ್ದೇಕೆಂದು ಊರವರು ಕೇಳಿದರೆ, "ಮುಂಜಾನೆ ವಾಕಿಂಗ್ ಹೊಂಟೀನ್ರಿ" ಎನ್ನುತ್ತಿದ್ದರು. ಮಗಳು ಶೈಲಾಳಿಗೆ ಸಂಬಂಧ ನೋಡುವ ಕಾಲ. ರೋಗಿಷ್ಠ ಮನೆತನವೆಂಬ ಹೆಸರು ಬಂದೀತೆಂಬ ಭಯ ಆ ವೀರಹೃದಯದಲ್ಲೂ ಇತ್ತು. ಧಾರವಾಡದ ಹುಡುಗನ ಮನೆಯಿಂದ ಮಾತುಕತೆಗೆ ಕರೆ ಬಂದಾಗ, ಮಗಳೊಡನೆ ಹೊರಟ ಕಾರಿನಲ್ಲಿ ಹೆಂಡತಿ ನೀಲವ್ವ ಹೇಳಿದರು:

"ಆಪರೇಷನ್ ಆಗೈತಿ ಅಂತ ಒಂದ ಮಾತು ಹೇಳಿಬಿಡ್ರಿ. ಮುಚ್ಚಿಡೂವಂಥಾದ್ದು ಏನೈತಿ ಅದರಾಗ?"

"ಸುಮ್ನಿರು. ಸಂಬಂಧ ಕುದರೂತನಾ ಉಸರ ಬಿಡಬ್ಯಾಡ."

"ಊಟಕ್ಕ ಕುಂದರಸ್ತಾರಲ್ಲ, ಆಗೇನ್ ಮಾಡ್ತೀರಿ?"

ವೀರರು ಜೋತುಬಿದ್ದ ಅಂಗಿಯನ್ನು ಒಳಗೆ ಸಿಕ್ಕಿಸಿಕೊಂಡರು.

ಆ ಮನೆಯನ್ನು ಆಳುತ್ತಿದ್ದವಳು ಹುಡುಗನ ಅಜ್ಜಿ ಗುರಸಿದ್ಧವ್ವ. ಸೌಟೇ ಅವಳ ಗದೆ, ತುಪ್ಪದ ಗಿಂಡಿಯೇ ಅಕ್ಷಯತೂಣೀರ, ಒತ್ತಾಯವೇ ಬ್ರಹ್ಮಾಸ್ತ್ರ. ಅವಳ ಪಂಕ್ತಿಯಲ್ಲಿ ಸಾಕೆಂದು ಕೈ ಅಡ್ಡ ಹಿಡಿದವರ ಅಂಗೈಯ ಮೇಲೇ ಅನ್ನ ಬಿದ್ದದ್ದುಂಟು. ಎಲೆ ಹಾಕಿದರು. ಬಿಳಿಜೋಳದ ರೊಟ್ಟಿಯ ರಥಗಳು ಬಂದವು, ಎಣ್ಣೆಗಾಯಿಯ ಗಜಸೇನೆ ಬಂತು, ಕೊನೆಗೆ ಸುವರ್ಣಚಕ್ರದಂತೆ ಹೊಳೆಯುತ್ತ ಹೂರಣದ ಹೋಳಿಗೆ ಬಂದು ಕುಳಿತಿತು. ಏಲಕ್ಕಿಯ ಪರಿಮಳ ಮೂಗಿಗೆ ತಾಗಿದ್ದೇ ತಡ, ಪದಚ್ಯುತ ಚಕ್ರವರ್ತಿಯಂತೆ ಒಳಗೆ ಮಲಗಿದ್ದ ಹಳೆಯ ಹಸಿವು ಎದ್ದು ಕುಳಿತು ಸಿಂಹಾಸನ ಕೇಳಿತು.

ಅಂದಾನಪ್ಪನವರು ಚೂರು ರೊಟ್ಟಿ ಮುರಿದು, ಹಿಟ್ಟಾಗುವವರೆಗೆ ಅಗಿದು ನುಂಗಿದರು. ಒಂದಿಷ್ಟು ಪಲ್ಯ ತಿಂದರು. ಬಾಳೆಹಣ್ಣಿನ ಕೋಟೆ ಭರ್ತಿಯಾಯಿತು. ಎದೆಯ ಕೆಳಗೆ ಬಿಗಿಯಿತು. ಕೈ ಎಲೆಯ ಮೇಲೆ ನಿಂತಿತು.

ಗುರಸಿದ್ಧವ್ವ ಎದುರಿಗೆ ಬಂದು ನಿಂತಳು. "ಯಾಕ್ರಿ ಬೀಗರ, ನಮ್ಮನಿ ಅಡಗಿ ಸೇರಲಿಲ್ಲೇನು?"

"ಹಂಗೇನಿಲ್ಲಬೇ. ಭಾಳ ಚಲೋ ಐತಿ."

"ಚಲೋ ಇದ್ದಿದ್ರ ಎಲಿ ಹಿಂಗ ಇರ್ತಿತ್ತೇನು? ಮನಸಿಲ್ಲದ ಸಂಬಂಧ ಇದ್ರ ಈಗ ಹೇಳಿಬಿಡ್ರಿ. ನಾವೇನ್ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಅವಳ ದನಿಯಲ್ಲಿ ಬೇಸರವೇ ತುಂಬಿತ್ತು. ಹುಡುಗನ ತಂದೆ ಎತ್ತಿದ ತುತ್ತನ್ನು ಎಲೆಗೆ ಇಳಿಸಿದರು. ಶೈಲಾ ತಲೆ ತಗ್ಗಿಸಿದಳು. ಮಗಳ ಆ ತಗ್ಗಿದ ತಲೆಯನ್ನು ಕಂಡ ಅಂದಾನಪ್ಪನವರ ಮೀಸೆ ಅದುರಿತು, ಬೆನ್ನು ಸೆಟೆಯಿತು, ಹಿಂದಿನ ಸಮಸ್ತ ದಿಗ್ವಿಜಯಗಳೂ ನಾಲಿಗೆಯ ತುದಿಗೆ ಬಂದವು.

"ಅವ್ವಾರ, ಈ ಅಂದಾನಪ್ಪ ಉಂಡೆದ್ದ ಮ್ಯಾಲೆ ಛತ್ರದವರು ಎರಡನೇ ಪಂಕ್ತಿಗೆ ಮತ್ತ ಅಡಗಿ ಮಾಡ್ಯಾರ. ಬುಂದೆ ಉಂಡಿ ಕಟ್ಟಾವ್ರು ಕೈ ಸೋತು ಕುಂತಾರ. ಹೋಳಿಗಿಗೆ ಹೆದರೂ ಮಗಾ ಅಲ್ಲ ನಾ. ತುಪ್ಪ ಹಾಕ್ರಿ."

"ರೀ" ಎಂದು ನೀಲವ್ವ ಅಂದದ್ದು ತುಪ್ಪದ ಧಾರೆಯಲ್ಲಿ ಮುಳುಗಿಹೋಯಿತು.

ವೀರರು ಹೋಳಿಗೆಯನ್ನು ಮಡಿಚಿ ಅರ್ಧವನ್ನು ಒಮ್ಮೆಗೇ ಬಾಯಿಗಿಟ್ಟರು. ಆಹಾ, ಆ ಒಂದು ಗಳಿಗೆ ಅವರು ಸ್ವರ್ಗದಲ್ಲಿದ್ದರು. ಮರುಗಳಿಗೆಗೆ ಹಣೆಯಲ್ಲಿ ಬೆವರು ಒಡೆಯಿತು, ಎದೆ ಡವಗುಟ್ಟಿತು, ಬಿಕ್ಕಳಿಕೆಯ ರಣಕಹಳೆ ಮೊಳಗಿತು. ಎದ್ದರು, ಹಿತ್ತಲಿಗೆ ಓಡಿದರು, ಬಟ್ಟೆ ಒಗೆಯುವ ಕಲ್ಲು ಹಿಡಿದು ಬಾಗಿ, ಗೆದ್ದ ರಾಜ್ಯವನ್ನೆಲ್ಲ ಭೂದೇವಿಗೆ ಹಿಂತಿರುಗಿಸಿದರು.

ತಲೆ ಎತ್ತಿದಾಗ ತಂಬಿಗೆ ಹಿಡಿದು ನಿಂತಿದ್ದವಳು ಗುರಸಿದ್ಧವ್ವ.

"ಏನಾತ್ರೀ? ನಮ್ಮ ಹೂರಣದಾಗ ಏನರ ಇತ್ತೇನು?" ಅವಳ ಮುಖ ಬಿಳಿಚಿಕೊಂಡಿತ್ತು.

ಇನ್ನು ಸುಳ್ಳು ಹೇಳಿದರೆ ಆ ಮುದುಕಿಯ ಹೂರಣಕ್ಕೆ ಕಳಂಕ. ಒಬ್ಬ ಭೋಜನವೀರ ಇನ್ನೇನನ್ನಾದರೂ ಮಾಡಿಯಾನು, ಅದನ್ನು ಮಾಡಲಾರ.

"ಹೂರಣ ಬಂಗಾರದಂಗೈತಿ. ನನ್ನ ಹೊಟ್ಟೀನ ಇಲ್ಲಬೇ. ಕೊಯ್ಸಿ ಸಣ್ಣದ ಮಾಡಿಸ್ಕೊಂಡೀನಿ. ಸಕ್ಕರಿ ಕಾಯಿಲಿ ಇತ್ತು, ನಡೀಲಿಕ್ಕೆ ಬರ್ತಿದ್ದಿಲ್ಲ. ಹುಡುಗಿ ಸಂಬಂಧಕ್ಕ ತ್ರಾಸಾದೀತಂತ ಹೇಳಲಿಲ್ಲ."

ಅಜ್ಜಿ ತಂಬಿಗೆಯನ್ನು ಅವರ ಕೈಗಿತ್ತು ಹೊಟ್ಟೆಯತ್ತ ಬಗ್ಗಿ ನೋಡಿದಳು. "ಎಷ್ಟ್ ಉಳದೈತಿ?"

"ಒಂದ ಬಾಳಿಹಣ್ಣಿನಷ್ಟು."

"ಅಯ್ಯ ಶಿವನ. ಬಾಯಿ ಬಿಟ್ಟು ಹೇಳಾಕ ಏನಾಗಿತ್ತು? ನಿಮ್ಮ ಹೊಟ್ಟೀನ ನಾವೇನ್ ಸೊಸಿ ಮಾಡ್ಕೊಳ್ಳಾಕ ಹೊಂಟೇವೇನು? ನಿಮ್ಮ ಮಗಳನ್ನಲ್ಲಾ?"

ಅಂದಾನಪ್ಪನವರ ಕಣ್ಣು ತುಂಬಿತು. ವಾಂತಿಯಿಂದ ಬಂದ ನೀರು ಎಂಬಂತೆ ಒರೆಸಿಕೊಂಡರು.

ಹೊಟ್ಟೆ ತಣ್ಣಗಾಗಲೆಂದು ಕಾದು, ಆಮೇಲೆ ನಡುಮನೆಯಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ಸೌಟುಧಾರಿಣಿಯಾದ ಗುರಸಿದ್ಧವ್ವ ತನ್ನ ಬಾಳಿನಲ್ಲಿ ಮೊದಲ ಬಾರಿಗೆ ಚಹದ ಚಮಚ ಹಿಡಿದು ಬಡಿಸಲು ನಿಂತಳು. ಬಟ್ಟಲಿನಲ್ಲಿ ನುಣ್ಣಗೆ ಕಿವುಚಿದ ಮಜ್ಜಿಗೆ ಅನ್ನ. ಎರಡೂ ಕುಟುಂಬಗಳು ಉಸಿರು ಬಿಗಿಹಿಡಿದು ಸುತ್ತ ನೆರೆದವು. ಹುಡುಗನ ತಂದೆ ಟಿವಿ ಆರಿಸಿದರು. ಒಂದು ಚಮಚ ಹೋಯಿತು. ಅಗಿದರು, ಅಗಿದರು, ನುಂಗಿದರು. ಇನ್ನೊಂದು ಹೋಯಿತು. ಮದುವೆಯ ತಿಂಗಳು, ಛತ್ರ, ಸೀರೆಗಳ ಮಾತು ಮುಗಿದರೂ ಆ ತುತ್ತು ಇಳಿದಿರಲಿಲ್ಲ.

"ಇನ್ನೊಂದ ಚಮಚಾ?" ಅಜ್ಜಿ ಮೆಲ್ಲಗೆ ಕೇಳಿದಳು.

ಪಂಕ್ತಿಭಯಂಕರ, ಕಡುಬುಕುಲಾಂತಕ, ಪಾಯಸಸಾಗರಶೋಷಕ ಅಂದಾನಪ್ಪನವರು ಚಮಚವನ್ನು ದೀರ್ಘವಾಗಿ ದಿಟ್ಟಿಸಿ, ಒಂದು ಸಣ್ಣ ತೇಗು ತೇಗಿ, ಬಟ್ಟಲನ್ನು ಹೆಂಡತಿಯ ಕಡೆ ಸರಿಸಿದರು. ನೀಲವ್ವ ಅದನ್ನು ಉಪ್ಪಿನಕಾಯಿ ಹಚ್ಚಿಕೊಂಡು ತಿಂದರು.