ಅಂಚು ಸವೆಯದ ಟೈರು

ಬೈಕಿನ ಟೈರು ಬದಲಿಸಬೇಕು ಎಂದು ಆಕೆಯ ಗಂಡ ತೀರ್ಮಾನಿಸಿ ಎರಡು ತಿಂಗಳಾಗಿತ್ತು. ಯಾವ ಟೈರು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಇಷ್ಟು ಸಮಯದಲ್ಲಿ ಜನ ಮದುವೆಯನ್ನೇ ಮಾಡಿ ಮುಗಿಸುತ್ತಾರೆ. (ಆಕೆಯನ್ನು ಮದುವೆಯಾಗಲು ಆತ ಒಪ್ಪಿದ್ದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ. ಟೈರಿಗೆ ಸಿಕ್ಕ ಮರ್ಯಾದೆ ತನಗೆ ಸಿಗಲಿಲ್ಲವಲ್ಲ ಎಂದು ಆಕೆಗೆ ಈಗೀಗ ಅನಿಸುತ್ತಿತ್ತು.)

ಆತ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು ಕೆಲಸ. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಆತನಿಗೆ ಆ ದಿನ ಅನ್ನ ಸೇರುತ್ತಿರಲಿಲ್ಲ. ಮಾರುಕಟ್ಟೆಯವರು ಬೆನ್ನ ಹಿಂದೆ ಆತನನ್ನು ‘ಮಿಲಿಗ್ರಾಂ’ ಎಂದು ಕರೆಯುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಆತ ಮನೆಗೆ ಬಂದು, “ನನ್ನ ಕೆಲಸ ಜನಕ್ಕೆ ಅರ್ಥ ಆಗಿದೆ ನೋಡು” ಎಂದು ಸಂತೋಷಪಟ್ಟಿದ್ದ.

ಆಕೆ ಆಸ್ಪತ್ರೆಯ ಔಷಧ ಕೌಂಟರಿನಲ್ಲಿದ್ದಳು. ವಾರವಿಡೀ ನಿಂತೇ ಕೆಲಸ. ಕಂಬಿಗಳ ನಡುವಿನ ಕಿಂಡಿಯಿಂದ ಚೀಟಿ ಹಿಡಿದ ಕೈಗಳು ಒಳಗೆ ಬರುತ್ತಲೇ ಇರುತ್ತವೆ, ಪ್ರತಿ ಕೈಯ ಹಿಂದೆ ಒಂದು ಬಾಯಿ, ಪ್ರತಿ ಬಾಯಿಯಲ್ಲೂ “ಊಟಕ್ಕೆ ಮುಂಚೇನಾ, ಆಮೇಲಾ?” ಎಂಬ ಪ್ರಶ್ನೆ. ಹಾಗಾಗಿ ಆಕೆಗೆ ಒಂದೇ ಆಸೆ. ಭಾನುವಾರ ಗಂಡನ ಬೈಕಿನ ಹಿಂದೆ ಕುಳಿತು ಊರಾಚೆಯ ಜಲಾಶಯಕ್ಕೆ ಹೋಗಬೇಕು. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಸುಮ್ಮನೆ ಕೂರಬೇಕು. ನೀರು ಯಾರನ್ನೂ ಏನನ್ನೂ ಕೇಳುವುದಿಲ್ಲ.

“ಹೋಗೋಣ. ಆದ್ರೆ ಈ ಬೋಳು ಟೈರಲ್ಲಿ ಅಷ್ಟು ದೂರ ಬೇಡ. ಹೊಸದು ಹಾಕಿಸಿದ ಮೇಲೆ,” ಎಂದ ಗಂಡ. ಮಾತು ನ್ಯಾಯವಾಗಿಯೇ ಇತ್ತು. ಆಕೆ ತಲೆಯಾಡಿಸಿದಳು. ಹೀಗೆ ತಲೆಯಾಡಿಸಿಯೇ ಆಕೆಯ ಜೀವನದಲ್ಲಿ ಬಹಳಷ್ಟು ಅನಾಹುತಗಳು ಆಗಿವೆ.

ಹೊಸ ಟೈರು ಕೊಳ್ಳುವ ಮುನ್ನ ಹಳೆಯದು ಹೇಗೆ ಸತ್ತಿತು ಎಂದು ತಿಳಿಯಬೇಕೆಂದು ಆತ ಹೇಳಿದ. ಬೈಕನ್ನು ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಳ ಅಳೆಯುವ ಕಡ್ಡಿ ಹಿಡಿದು ಹಿಂದಿನ ಚಕ್ರದ ಮುಂದೆ ಮಂಡಿಯೂರಿದ. ಆಕೆ ಟಾರ್ಚ್ ಹಿಡಿದಳು. ಸ್ವಲ್ಪ ಹೊತ್ತಿಗೆ ಆತನ ಮುಖ ಕಪ್ಪಿಟ್ಟಿತು.

“ಮೋಸ!” ಎಂದ.

“ಏನಾಯ್ತು?”

“ಇಲ್ಲಿ ನೋಡು. ನಡು ಪೂರ್ತಿ ಬೋಳು. ಎರಡೂ ಅಂಚು ನೋಡು, ಕಾರ್ಖಾನೆಯಿಂದ ಬಂದಾಗಿದ್ದ ರಬ್ಬರ್ ಕೂದಲೂ ಉದುರಿಲ್ಲ! ಇಷ್ಟು ರಬ್ಬರನ್ನ ನಾನು ವರ್ಷಗಟ್ಟಲೆ ಸುಮ್ನೆ ಹೊತ್ಕೊಂಡು ತಿರುಗಿದ್ದೀನಿ.”

“ನೇರ ರಸ್ತೆಯಲ್ಲಿ ಹೋದ್ರೆ ನಡು ತಾನೇ ನೆಲಕ್ಕೆ ತಾಗೋದು? ತಿರುವಲ್ಲಿ ವಾಲಿದ್ರೆ ಅಂಚು.”

“ಅದು ಕಾರಣ. ನ್ಯಾಯ ಅಲ್ಲ,” ಎಂದ ಮಿಲಿಗ್ರಾಂ. “ಅಂಚು ಹಾಗೇ ಇರುವಾಗ ಟೈರನ್ನ ಎಸೆಯೋದಂದ್ರೆ, ಪೂರ್ತಿ ಮೂಟೆ ಕೊಂಡು ಅರ್ಧವನ್ನ ಅಂಗಡೀಲೇ ಬಿಟ್ಟು ಬಂದ ಹಾಗೆ. ನಡು, ಅಂಚು ಎರಡೂ ಒಂದೇ ದಿನ ಸವೆದು ಮುಗೀಬೇಕು. ಅಂಥ ಟೈರು ಎಲ್ಲೋ ಇದ್ದೇ ಇರುತ್ತೆ.”

ಅಂದಿನಿಂದ ಭಾನುವಾರಗಳು ಒಂದರ ಹಿಂದೆ ಒಂದು ಟೈರಂಗಡಿಗಳ ಪಾಲಾದವು. ಆಕೆ ಜಲಾಶಯದ ಗಾಳಿಯ ಬದಲು ಹೊಸ ರಬ್ಬರಿನ ವಾಸನೆ ಕುಡಿದು ಬಂದಳು. ಗಟ್ಟಿ ರಬ್ಬರು ಬಹಳ ದಿನ ಬಾಳುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜಾರುತ್ತದೆ; ಮೆತ್ತನೆಯದು ರಸ್ತೆಯನ್ನು ಅಪ್ಪಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಇದಿಷ್ಟು ಆಕೆಗೆ ನಿದ್ದೆಯಲ್ಲೂ ಬಾಯಿಪಾಠವಾಯಿತು. ಒಮ್ಮೆ ಕೌಂಟರಿನಲ್ಲಿ ಕೆಮ್ಮಿನ ಔಷಧಿ ಕೊಡುತ್ತಾ, “ಗಾಳಿ ವಾರಕ್ಕೊಮ್ಮೆ ನೋಡಿಸಿ” ಎಂದುಬಿಟ್ಟಳು. ಪಾಪ, ರೋಗಿ ಎದೆ ಮುಟ್ಟಿಕೊಂಡು ಹೋದ.

ಕೊನೆಗೆ ಒಂದು ಭಾನುವಾರ ದಪ್ಪ ಮೀಸೆಯ ಅಂಗಡಿಯವರೊಬ್ಬರು ಸಿಕ್ಕಿದರು.

“ಯಾವುದಕ್ಕೆ ಸಾರ್? ಆಫೀಸಿಗೋ, ಸುತ್ತಾಟಕ್ಕೋ?”

“ಎರಡಕ್ಕೂ. ವಾರದ ದಿನ ಆಫೀಸು, ಭಾನುವಾರ ಸುತ್ತಾಟ.”

“ಭಾನುವಾರ ಟೈರಂಗಡಿ,” ಎಂದು ಆಕೆ ತಿದ್ದಿದಳು.

ಅಂಗಡಿಯವರು ನಗು ನುಂಗಿಕೊಂಡು ಒಂದು ಟೈರು ಉರುಳಿಸಿಕೊಂಡು ಬಂದರು. “ಇದು ತಗೊಳ್ಳಿ. ನಡುವಿನ ರಬ್ಬರು ಗಟ್ಟಿ, ದಿನಾ ಓಡಾಡಿದ್ರೂ ಬೇಗ ಸವೆಯಲ್ಲ. ಪಕ್ಕ ಎರಡೂ ಮೆತ್ತಗೆ, ತಿರುವಲ್ಲಿ ಕೈ ಬಿಡಲ್ಲ. ನಿಮ್ಮಂಥವರಿಗೇ ಮಾಡಿದ್ದು. ಇದಕ್ಕಿಂತ ಬಾಳಿಕೆ ಬರೋದು ನನ್ನ ಹತ್ರ ಇಲ್ಲ.”

ಆಕೆ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. ಮುಗಿಯಿತು ಎಂದುಕೊಂಡಳು.

“ಇದರಲ್ಲಿ ನಡು ಮೊದಲು ಸವೆಯುತ್ತಾ, ಅಂಚಾ?” ಎಂದ ಗಂಡ.

ಆಕೆ ಮತ್ತೆ ಕುಳಿತಳು.

“ನಡುವೇ ಸಾರ್. ಎಲ್ರದ್ದೂ ಹಾಗೇ.”

“ಎಲ್ರದ್ದೂ ಹಾಗೆ ಅಂದ ಮಾತ್ರಕ್ಕೆ ಅದು ಸರಿ ಅಂತ ಆಗಲ್ಲ. ಎರಡೂ ಒಂದೇ ದಿನ ಮುಗಿಯೋದು ಯಾವುದಿದೆ?”

ಅಂಗಡಿಯವರು ಮೀಸೆ ತೀಡಿದರು. “ಸಾರ್, ಮನುಷ್ಯನಿಗೇ ಎಲ್ಲಾ ಹಲ್ಲು ಒಂದೇ ದಿನ ಬೀಳಲ್ಲ. ಟೈರಿಂದ ಇಷ್ಟೆಲ್ಲಾ ಕೇಳಬಾರದು.”

ಬರಿಗೈಯಲ್ಲಿ ಮನೆಗೆ ಬಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಟಾಣಿ ಬಿಡಿಸುತ್ತಾ ಕುಳಿತಿದ್ದರು. ಮಗನ ಕೈ ನೋಡಿದರು, ಸೊಸೆಯ ಮುಖ ನೋಡಿದರು.

“ಅತ್ತೆ, ಇವರು ಮೊದಲಿಂದ್ಲೂ ಹೀಗೇನಾ?”

“ಚಿಕ್ಕೋನಿದ್ದಾಗ ಸೋಪು ಒಂದೇ ಕಡೆ ಸವೀತು ಅಂತ ಬಚ್ಚಲಲ್ಲಿ ಕೂತು ಅತ್ತಿದ್ದ ಕಣಮ್ಮ,” ಎಂದರು ಅತ್ತೆ. “ನೀನು ಬರೋಕೆ ಮುಂಚೇನೇ ಕೆಟ್ಟಿದ್ದು. ನಿನ್ನ ತಪ್ಪೇನಿಲ್ಲ.”

“ಅಮ್ಮಾ, ಸೋಪಿನ ವಿಷಯ ಬೇರೆ,” ಎಂದು ಒಳಗಿನಿಂದ ಧ್ವನಿ ಬಂತು. “ಅದನ್ನ ತಿರುಗಿಸಿ ಹಚ್ಚಬಹುದಿತ್ತು. ನೀವು ಹೇಳಿಕೊಡಲಿಲ್ಲ.”

ಆಕೆಗೆ ಆ ಕ್ಷಣ ಬೈಕನ್ನೂ ಗಂಡನನ್ನೂ ಒಟ್ಟಿಗೆ ಗುಜರಿಗೆ ಹಾಕಿಬಿಡಬೇಕೆನಿಸಿತು. ಅತ್ತೆಯ ಮುಖ ನೋಡಿ ಬೈಕನ್ನು ಮಾತ್ರ ಎಂದು ತೀರ್ಮಾನ ಬದಲಿಸಿದಳು.

ದಾರಿ ಹೊಳೆದದ್ದು ಔಷಧ ಕೌಂಟರಿನಲ್ಲಿ. ಒಬ್ಬ ಅಜ್ಜಿ ಕಿಂಡಿಯಿಂದ ಮಾತ್ರೆಯ ಪೊಟ್ಟಣ ತೂರಿಸಿ, ಬೆಳಗಿನ ಮಾತ್ರೆ ಮುಗಿದಿದೆ, ರಾತ್ರಿಯದು ಹಾಗೇ ಇದೆ, ಆಸ್ಪತ್ರೆಯವರು ಲೆಕ್ಕ ತಪ್ಪಿ ಜಾಸ್ತಿ ಕೊಟ್ಟಿದ್ದೀರಿ ಎಂದು ಜಗಳ ತೆಗೆದರು.

“ಜಾಸ್ತಿ ಕೊಟ್ಟಿಲ್ಲ ಅಜ್ಜಿ, ರಾತ್ರಿಯದನ್ನ ನೀವು ನುಂಗೇ ಇಲ್ಲ. ಎರಡನ್ನೂ ತಗೊಂಡಿದ್ರೆ ಎರಡೂ ಒಟ್ಟಿಗೆ ಮುಗೀತಿತ್ತು,” ಎಂದ ಆಕೆ ಅಲ್ಲೇ ನಿಂತುಬಿಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಕೆಯ ಕಣ್ಣಿಗೆ ಅಜ್ಜಿ ಕಾಣುತ್ತಿರಲಿಲ್ಲ, ಜಲಾಶಯ ಕಾಣುತ್ತಿತ್ತು.

ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. “ರೀ, ತಪ್ಪು ಟೈರಿಂದಲ್ಲ. ನಿಮ್ಮದು.”

“ನನ್ನದಾ?” ಗಂಡ ಹೌಹಾರಿದ. ಅಳತೆಯ ವಿಷಯದಲ್ಲಿ ಯಾರೂ ಆತನಿಗೆ ಹಾಗೆಂದಿರಲಿಲ್ಲ.

“ಅಂಚು ಸವೆಯಲಿಲ್ಲ ಅಂತ ಗೋಳಾಡ್ತೀರಲ್ಲ, ಅಂಚನ್ನ ನೀವು ಬಳಸಿದ್ದೀರಾ? ಮನೆ ಬಿಟ್ರೆ ಆಫೀಸು, ಆಫೀಸು ಬಿಟ್ರೆ ಮನೆ. ಎಲ್ಲಾ ನೇರ ರಸ್ತೆ. ಆ ಮೀಸೆಯವರು ತೋರಿಸಿದ ಟೈರನ್ನೇ ಹಾಕಿಸಿ. ವಾರವೆಲ್ಲಾ ನಡು ಸವೆಯಲಿ, ಭಾನುವಾರ ತಿರುವಿನ ಕಡೆ ಹೋಗಿ ಅಂಚು ಸವೆಸೋಣ. ಎರಡೂ ಒಟ್ಟಿಗೆ ಮುಗಿಯುತ್ತೆ. ನ್ಯಾಯ ಅಂದ್ರೆ ಇದು.”

ಗಂಡ ಕೈಯಲ್ಲಿದ್ದ ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. ಮುಳ್ಳು ಅಲುಗದೆ ನಿಂತ ತಕ್ಕಡಿಯನ್ನು ನೋಡುವ ಹಾಗೆ ಹೆಂಡತಿಯನ್ನು ನೋಡಿದ. ಮದುವೆಯ ದಿನವೂ ಆತ ಹಾಗೆ ನೋಡಿರಲಿಲ್ಲ.

“ಪ್ರತಿ ಭಾನುವಾರ ಹೋಗ್ಬೇಕಾಗುತ್ತೆ,” ಎಂದ ಗಂಭೀರವಾಗಿ. “ನಿನಗೆ ಬೇಜಾರಾಗಲ್ವಾ?”

“ಇಲ್ಲ.”

“ಮಧ್ಯದಲ್ಲಿ ಬಿಟ್ರೆ ಲೆಕ್ಕ ತಪ್ಪುತ್ತೆ.”

“ಒಂದನ್ನೂ ಬಿಡಲ್ಲ ರೀ. ನನ್ನಾಣೆ,” ಎಂದು ಆಕೆ ತಲೆಯ ಮೇಲೆ ಕೈಯಿಟ್ಟುಕೊಂಡು ಪ್ರಮಾಣ ಮಾಡಿದಳು. (ಅತ್ತೆ ಬಾಗಿಲ ಬಳಿಯಿಂದ ‘ಬೇಡ’ ಎಂಬಂತೆ ಕಣ್ಣು ಮಾಡಿದ್ದನ್ನು ಆಕೆ ಗಮನಿಸಲಿಲ್ಲ.)

ಮರುದಿನವೇ ಟೈರು ಬಂತು. ಆಕೆ ಆ ವಾರವೆಲ್ಲ ಕೌಂಟರಿನಲ್ಲಿ ಹಾಡು ಗುನುಗುತ್ತಾ ಮಾತ್ರೆ ಎಣಿಸಿದಳು. ಭಾನುವಾರ ಬೇಗನೆದ್ದು ಮೊಟ್ಟೆ ಬೇಯಿಸಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಫ್ಲಾಸ್ಕಿಗೆ ಚಹಾ ತುಂಬಿದಳು. ಕಟ್ಟೆಯ ಮೇಲೆ ಹಾಸಲೆಂದು ಒಂದು ಹಳೆಯ ಬೆಡ್‌ಶೀಟನ್ನೂ ಮಡಿಚಿಟ್ಟಳು. ಬೈಕು ಹೊರಟಿತು. ಬೆಳಗಿನ ಗಾಳಿ ಮುಖಕ್ಕೆ ಬಡಿದಾಗ ಇಷ್ಟು ದಿನದ ಸಿಟ್ಟೆಲ್ಲ ಇಳಿದುಹೋಯಿತು. ಗಂಡನ ಭುಜದ ಮೇಲೆ ಕೈಯಿಟ್ಟಳು.

ಜಲಾಶಯಕ್ಕೆ ಹೋಗುವ ಮುಖ್ಯ ರಸ್ತೆ ಬಂತು. ಬೈಕು ಅದನ್ನು ದಾಟಿ, ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದಿನ ಕಾಂಕ್ರೀಟ್ ಬಯಲಿಗೆ ನುಗ್ಗಿತು.

“ಇಲ್ಲೇನಿದೆ ರೀ?”

“ತಿರುವು,” ಎಂದ ಗಂಡ. ಬೈಕು ನಿಧಾನವಾಗಿ ಎಡಕ್ಕೆ ವಾಲಿ ಒಂದು ಸುತ್ತು ಹಾಕಿತು. ಆಮೇಲೆ ಬಲಕ್ಕೆ ವಾಲಿ ಇನ್ನೊಂದು ಸುತ್ತು. ಮತ್ತೆ ಎಡಕ್ಕೆ.

“ಜಲಾಶಯ?”

“ಆ ರಸ್ತೆ ನೋಡಿ ಬಂದೆ ಕಣೇ. ದಾರ ಹಿಡಿದು ಎಳೆದ ಹಾಗಿದೆ. ಕೊನೇಲಿ ಸಿಗೋ ನಾಲ್ಕು ತಿರುವಿಗೋಸ್ಕರ ಅಷ್ಟು ದೂರ ನಡು ಸವೆಸೋದಾ? ನೀನೇ ಹೇಳಿದ್ಯಲ್ಲ, ಭಾನುವಾರ ಅಂಚು ಅಂತ.”

“ನಾನು ಹೇಳಿದ್ದು ಹಾಗಲ್ಲ ರೀ! ನನ್ನನ್ನ ಇಳಿಸಿ. ನೀವೊಬ್ರೇ ಸುತ್ತಿ.”

“ಇಳಿದ್ರೆ ಹೇಗೆ? ನಿನ್ನ ತೂಕ ಇಲ್ಲದಿದ್ರೆ ಹಿಂದಿನ ಟೈರು ಒತ್ತಲ್ಲ.”

ತನ್ನನ್ನು ಆತ ತೂಕದ ಕಲ್ಲಾಗಿ ನೇಮಿಸಿಕೊಂಡಿದ್ದಾನೆ ಎಂಬುದು ಆಕೆಗೆ ಅರ್ಥವಾಯಿತು. ಇಳಿಯುವಂತಿರಲಿಲ್ಲ, ಆಣೆ ಹಾಕಿದವಳು ಆಕೆಯೇ. ಬುತ್ತಿಚೀಲವನ್ನು ಮಡಿಲಲ್ಲಿ ಅವುಚಿಕೊಂಡಳು. ಎಡಕ್ಕೆ ವಾಲಿದಾಗ ಬಯಲು ಮೇಲೆದ್ದಿತು, ಬಲಕ್ಕೆ ವಾಲಿದಾಗ ಆಕಾಶ ಕೆಳಗಿಳಿಯಿತು. ಚೀಲದೊಳಗೆ ಮೊಟ್ಟೆಗಳು ಒಂದಕ್ಕೊಂದು ಗುದ್ದಿಕೊಳ್ಳತೊಡಗಿದವು.

ಬಯಲಿನ ಆ ತುದಿಯಲ್ಲಿ ಡ್ರೈವಿಂಗ್ ಶಾಲೆಯ ಮೇಷ್ಟ್ರೊಬ್ಬರು ಶಿಷ್ಯೆಯೊಬ್ಬಳಿಗೆ ಸ್ಕೂಟರ್ ಕಲಿಸುತ್ತಿದ್ದರು. ಅವರು ಬಹಳ ಹೊತ್ತು ಈ ಎಂಟರ ಆಕಾರದ ಸವಾರಿಯನ್ನು ನೋಡಿದರು. ಗಂಡ ಚಹಾ ಕುಡಿಯಲು ಬೈಕು ನಿಲ್ಲಿಸಿದಾಗ ಹತ್ತಿರ ಬಂದು, ತಲೆ ಹಿಡಿದುಕೊಂಡು ನಿಂತಿದ್ದ ಆಕೆಗೆ ಮೆಲ್ಲಗೆ ಹೇಳಿದರು:

“ತಪ್ಪು ತಿಳ್ಕೋಬೇಡಿಮ್ಮಾ. ನಿಮ್ಮ ಯಜಮಾನರು ಎಂಟು ಚೆನ್ನಾಗೇ ಹಾಕ್ತಾರೆ. ಆದ್ರೆ ಕಲಿಯೋವಾಗ ಹಿಂದೆ ಯಾರೂ ಕೂರಬಾರದು. ಲೈಸೆನ್ಸು ಬರಲಿ, ಆಮೇಲೆ ಕೂತ್ಕೊಳ್ಳಿ.”

“ಲೈಸೆನ್ಸು ಬಂದು ತುಂಬಾ ವರ್ಷ ಆಯ್ತು,” ಎಂದಳು ಆಕೆ.

“ಮತ್ತೆ ಇದು?”

“ಟೈರಿನ ಅಂಚು ಸವೆಸ್ತಿದ್ದೀವಿ.”

“ಹೊಸ ಟೈರಿನದಾ?”

“ಹೂಂ.”

ಮೇಷ್ಟ್ರು ಗಂಡನ ಕಡೆ ತಿರುಗಿದರು. ಇಂಥ ಗಂಡನಿಗೆ ಒಂದು ಬುದ್ಧಿಮಾತು ಹೇಳಿಯೇ ಹೋಗುತ್ತೇನೆ ಎಂಬ ನಿರ್ಧಾರ ಅವರ ಮುಖದಲ್ಲಿತ್ತು. ಆಕೆಗೆ ಕಣ್ಣು ತುಂಬಿ ಬಂತು. ಕೊನೆಗೂ ಒಬ್ಬರು ತನ್ನ ಪರ ಮಾತಾಡುವವರು ಸಿಕ್ಕರು.

ಅಷ್ಟರಲ್ಲಿ ಗಂಡ ಹೆಲ್ಮೆಟ್ ತೆಗೆದು, ಚಹಾದ ಲೋಟ ಹಿಡಿದು, ಮುಖವರಳಿಸಿ ನಿಂತ. ಬೇರೆಯವರ ಮುಂದೆ ಹೆಂಡತಿಯನ್ನು ಆತ ಹೊಗಳಿದ್ದು ಅದೇ ಮೊದಲು.

“ಐಡಿಯಾ ನನ್ನದಲ್ಲ ಸಾರ್. ಎರಡು ತಿಂಗಳು ತಲೆ ಕೆಡಿಸ್ಕೊಂಡ್ರೂ ನನಗೆ ಹೊಳೀಲಿಲ್ಲ. ಪೂರ್ತಿ ಇವಳದೇ! ಪ್ರತಿ ಭಾನುವಾರ ಬರ್ಬೇಕು ಅಂತ ಆಣೆ ಬೇರೆ ಹಾಕಿದ್ದಾಳೆ.”

ಮೇಷ್ಟ್ರು ಆಕೆಯನ್ನು ಮೇಲಿನಿಂದ ಕೆಳಗೆ ನೋಡಿದರು. ಹೇಳಬೇಕೆಂದಿದ್ದ ಬುದ್ಧಿಮಾತನ್ನು ನುಂಗಿಕೊಂಡು, ಗಂಡನ ಬೆನ್ನ ಮೇಲೆ ಸಮಾಧಾನದ ಕೈಯಿಟ್ಟು ಎರಡು ಸಲ ತಟ್ಟಿದರು. ಆಮೇಲೆ ಅವಸರವಾಗಿ ಹೋಗಿ, ತಮ್ಮ ಶಿಷ್ಯೆಯನ್ನು ಆಕೆಯಿಂದ ಸಾಕಷ್ಟು ದೂರಕ್ಕೆ ಕರೆದೊಯ್ದರು.